ಮನೆಗೆ ಹೋದ ನೋಟ್‌ಬುಕ್ ತಿರುಗಿ ಬರಬೇಕು

ಜುಲೈ ತಿಂಗಳಲ್ಲಿ ಕರಾವಳಿ, ಮಲೆನಾಡಿನ ಮನೆಗಳಲ್ಲಿ ರಾತ್ರಿಯ ಊಟದ ಹೊತ್ತಿಗೆ ಒಂದೇ ಪ್ರಶ್ನೆ: ನಾಳೆ ಡಿ.ಸಿ. ರಜೆ ಕೊಟ್ಟರಾ? ಮಳೆಯ ರೆಡ್ ಅಲರ್ಟ್ ಬಂತೆಂದರೆ ಜಿಲ್ಲಾಧಿಕಾರಿಯ ಆದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತದೆ, ಮಕ್ಕಳು ಕುಣಿಯುತ್ತಾರೆ, ಮರುದಿನ ಶಾಲೆಯ ಬೀಗ ತೆಗೆಯುವುದಿಲ್ಲ. ಒಂದೆರಡು ದಿನದ ಮಟ್ಟಿಗೆ ಇದು ದೊಡ್ಡ ಸಂಗತಿಯಲ್ಲ. ಶನಿವಾರ ಮಧ್ಯಾಹ್ನವೂ ತರಗತಿ ನಡೆಸಿ ಕಳೆದ ದಿನಗಳನ್ನು ಸರಿತೂಗಿಸುವ ರೂಢಿ ನಮ್ಮಲ್ಲಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 1ರಿಂದ 5ನೇ ತರಗತಿಗೆ ವರ್ಷಕ್ಕೆ 200 ದಿನ, 6ರಿಂದ 8ನೇ ತರಗತಿಗೆ 220 ದಿನ ಪಾಠ ನಡೆಯಬೇಕು. ಹಾಗಾಗಿ ಲೆಕ್ಕ ಮುಟ್ಟಿಸದೆ ವಿಧಿಯಿಲ್ಲ.

ಆದರೆ ಎಲ್ಲ ಬಾಗಿಲೂ ಎರಡೇ ದಿನಕ್ಕೆ ತೆರೆಯುವುದಿಲ್ಲ. 2018ರಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ, 2019ರಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳು ಉಕ್ಕಿ ಬೆಳಗಾವಿ, ಬಾಗಲಕೋಟೆಯ ಊರುಗಳು ಮುಳುಗಿದಾಗ ಎಷ್ಟೋ ಶಾಲೆಗಳು ಪರಿಹಾರ ಕೇಂದ್ರಗಳಾದವು, ಎಷ್ಟೋ ಕೊಠಡಿಗಳ ಗೋಡೆ ಬಿದ್ದವು. 2020ರ ಮಾರ್ಚ್‌ನಲ್ಲಿ ಕೋವಿಡ್ ಬಂದಾಗಲಂತೂ ರಾಜ್ಯದ ಎಲ್ಲ ಶಾಲೆಗಳೂ ಒಟ್ಟಿಗೆ ಮುಚ್ಚಿದವು. 1ರಿಂದ 5ನೇ ತರಗತಿಯ ಮಕ್ಕಳು ಮತ್ತೆ ಶಾಲೆಯ ಮೆಟ್ಟಿಲು ಹತ್ತಿದ್ದು 2021ರ ಅಕ್ಟೋಬರ್ 25ರಂದು. ನಡುವೆ 19 ತಿಂಗಳು ಹೋಗಿತ್ತು. ಒಂದನೇ ತರಗತಿಯಲ್ಲಿ ಅ, ಆ ತಿದ್ದುತ್ತಿದ್ದ ಮಗು ಮೂರನೇ ತರಗತಿಯ ಬೆಂಚಿನ ಮೇಲೆ ಬಂದು ಕೂತಿತು.

ಕಟ್ಟಡ ಮುಚ್ಚಿದಾಗ ಪ್ರಾಥಮಿಕ ಶಾಲೆ ಏನು ಮಾಡಬೇಕು? ಯಾರನ್ನು ಕೇಳಿದರೂ ‘ಆನ್‌ಲೈನ್ ಕ್ಲಾಸ್’ ಎಂಬ ಉತ್ತರ ಬರುತ್ತದೆ. ಪ್ರೌಢಶಾಲೆಗೆ ಅದು ಅರ್ಧ ಉತ್ತರವಾದೀತು. ಆರೇಳು ವರ್ಷದ ಮಗುವಿಗೆ ಅದು ಉತ್ತರವೇ ಅಲ್ಲ ಎಂಬುದನ್ನು ಆ 19 ತಿಂಗಳು ನಮಗೆ ಕಲಿಸಿವೆ. ಅದೇ ಅವಧಿಯಲ್ಲಿ ಫೋನು, ಟಿ.ವಿ. ಎರಡೂ ಇಲ್ಲದ ಕೇರಿಗಳಲ್ಲಿಯೂ ಪಾಠ ನಿಲ್ಲಿಸದ ಶಿಕ್ಷಕರು ಇದ್ದರು. ಅವರು ಕಂಡುಕೊಂಡ ದಾರಿಯನ್ನು ವಿವರವಾಗಿ ಬರೆದಿಡುವುದು ಅಗತ್ಯ ಎಂದು ನನಗೆ ಅನ್ನಿಸುತ್ತದೆ. ಮುಂದಿನ ಮಳೆಗೆ, ಮುಂದಿನ ಜ್ವರಕ್ಕೆ ಅದು ಬೇಕಾಗುತ್ತದೆ.

2020ರ ಬೇಸಿಗೆಯಲ್ಲಿ ಸರ್ಕಾರಕ್ಕೂ ದಾರಿ ಸ್ಪಷ್ಟವಿರಲಿಲ್ಲ. ಖಾಸಗಿ ಶಾಲೆಗಳು ಎಲ್‌ಕೆಜಿ ಮಕ್ಕಳನ್ನೂ ಲ್ಯಾಪ್‌ಟಾಪ್ ಮುಂದೆ ಕೂರಿಸಿದ್ದನ್ನು ನೋಡಿ ಪೋಷಕರು ಗಾಬರಿಯಾದರು. ಜೂನ್‌ನಲ್ಲಿ ರಾಜ್ಯ ಸರ್ಕಾರ ಚಿಕ್ಕ ಮಕ್ಕಳ ಆನ್‌ಲೈನ್ ತರಗತಿಗಳನ್ನು ನಿರ್ಬಂಧಿಸಿತು, ಪ್ರೊ. ಎಂ.ಕೆ. ಶ್ರೀಧರ್ ಅಧ್ಯಕ್ಷತೆಯಲ್ಲಿ ತಜ್ಞರ ಸಮಿತಿ ರಚಿಸಿತು. ಜುಲೈ 8ರಂದು ಹೈಕೋರ್ಟ್ ಆ ನಿರ್ಬಂಧದ ಆದೇಶಗಳಿಗೆ ತಡೆ ನೀಡಿತು. ಅದೇ ತಿಂಗಳು ಕೇಂದ್ರ ಸರ್ಕಾರ ‘ಪ್ರಜ್ಞಾತಾ’ ಮಾರ್ಗಸೂಚಿ ಹೊರಡಿಸಿ, 1ರಿಂದ 8ನೇ ತರಗತಿಗೆ ದಿನಕ್ಕೆ 30ರಿಂದ 45 ನಿಮಿಷದ ಎರಡು ಅವಧಿಗಳಿಗಿಂತ ಹೆಚ್ಚು ಪರದೆ ಬೇಡ ಎಂದಿತು. ಈ ಚರ್ಚೆಯೆಲ್ಲ ಫೋನ್ ಇದ್ದ ಮಕ್ಕಳ ಸುತ್ತಲೇ ನಡೆಯಿತು. ಎಷ್ಟು ಹೊತ್ತು ಪರದೆ ನೋಡಬಹುದು ಎಂಬ ಪ್ರಶ್ನೆ, ಪರದೆಯೇ ಇಲ್ಲದ ಮನೆಯ ಮಗುವನ್ನು ಮುಟ್ಟುವುದೇ ಇಲ್ಲ.

ಆ ಮಗುವನ್ನು ಮುಟ್ಟಲು ಹೊರಟದ್ದು 2020ರ ಆಗಸ್ಟ್‌ನಲ್ಲಿ ಆರಂಭವಾದ ಸರ್ಕಾರದ ‘ವಿದ್ಯಾಗಮ’ ಕಾರ್ಯಕ್ರಮ. ಅದರ ಒಳಗಿನ ಯೋಚನೆ ಸರಳವಾಗಿತ್ತು. ಮಕ್ಕಳು ಶಾಲೆಗೆ ಬರುವಂತಿಲ್ಲ, ಹಾಗಾದರೆ ಶಿಕ್ಷಕರು ಮಕ್ಕಳಿರುವಲ್ಲಿಗೆ ಹೋಗಲಿ. ಶಾಲೆಯ ಮಕ್ಕಳನ್ನು ಅವರವರ ವಾಸದ ಜಾಗಕ್ಕೆ ತಕ್ಕಂತೆ ಗುಂಪು ಮಾಡಿ, 20-25 ಮಕ್ಕಳಿಗೆ ಒಬ್ಬ ಮಾರ್ಗದರ್ಶಿ ಶಿಕ್ಷಕರನ್ನು ಕೊಡಲಾಯಿತು. ಫೋನೇ ಇಲ್ಲದವರು, ಕೀಪ್ಯಾಡ್ ಫೋನ್ ಇರುವವರು, ಇಂಟರ್ನೆಟ್ ಸಹಿತ ಸ್ಮಾರ್ಟ್‌ಫೋನ್ ಇರುವವರು ಎಂದು ಮೂರು ‘ಕಾಲ್ಪನಿಕ ಕೋಣೆ’ಗಳನ್ನು ಮಾಡಲಾಯಿತು. ದೇವಸ್ಥಾನದ ಪ್ರಾಂಗಣ, ಅರಳಿಕಟ್ಟೆ, ಸಮುದಾಯ ಭವನ, ಯಾರದೋ ಮನೆಯ ಜಗಲಿ ಎಲ್ಲವೂ ತರಗತಿಗಳಾದವು. ಜನ ಅದನ್ನು ‘ವಠಾರ ಶಾಲೆ’ ಎಂದು ಕರೆದರು.

ಈ ಕೆಲಸ ಚೆನ್ನಾಗಿ ನಡೆದ ಕಡೆ ಅದರ ಬುಡದಲ್ಲಿ ಒಂದು ಪಟ್ಟಿ ಇರುತ್ತಿತ್ತು. ಹಾಜರಿ ಪುಸ್ತಕ ಮಗುವಿನ ಹೆಸರನ್ನಷ್ಟೇ ಹೇಳುತ್ತದೆ. ದೂರದಿಂದ ಕಲಿಸಲು ಇನ್ನೂ ಹಲವು ಸಂಗತಿ ಗೊತ್ತಿರಬೇಕು. ಮನೆಯಲ್ಲಿ ಫೋನ್ ಇದೆಯೇ ಎಂದು ಕೇಳಿದರೆ ‘ಇದೆ’ ಎಂಬ ಉತ್ತರ ಬರುತ್ತದೆ. ಆದರೆ ಆ ಫೋನ್ ಅಪ್ಪನ ಜೇಬಿನಲ್ಲಿರುತ್ತದೆ, ಅಪ್ಪ ಬೆಳಿಗ್ಗೆ ಏಳಕ್ಕೆ ಕೂಲಿಗೆ ಹೋಗಿ ಸಂಜೆ ಏಳಕ್ಕೆ ಬರುತ್ತಾನೆ. ಬೆಳಿಗ್ಗೆ ಹತ್ತಕ್ಕೆ ಕಳಿಸಿದ ಪಾಠ ಯಾವುದೋ ಕಟ್ಟಡದ ಸೆಂಟ್ರಿಂಗ್ ಹಲಗೆಯ ಮೇಲೆ ಬಡಿದುಕೊಳ್ಳುತ್ತದೆ, ಮಗುವಿಗೆ ತಲುಪುವುದಿಲ್ಲ. ಹೀಗಾಗಿ ಪಟ್ಟಿಯಲ್ಲಿ ಇರಬೇಕಾದ ಕಲಮುಗಳು ಬೇರೆಯೇ: ಫೋನ್ ಯಾರದು, ಅದು ಮನೆಯಲ್ಲಿರುವ ಹೊತ್ತು ಯಾವುದು, ಎಷ್ಟು ಮಕ್ಕಳು ಅದನ್ನು ಹಂಚಿಕೊಳ್ಳುತ್ತಾರೆ, ಕರೆನ್ಸಿ ಹಾಕಿಸಿದ್ದಾರೆಯೇ, ಸಿಗ್ನಲ್ ಸಿಗಲು ಎಲ್ಲಿ ನಿಲ್ಲಬೇಕು, ಕನ್ನಡ ಓದಲು ಬರುವವರು ಮನೆಯಲ್ಲಿ ಯಾರಿದ್ದಾರೆ, ಪಕ್ಕದ ಮನೆಯಲ್ಲಿ ಯಾರಿದ್ದಾರೆ, ಕುಟುಂಬ ಗುಳೆ ಹೋಗಿದೆಯೇ. ಇಷ್ಟು ತಿಳಿದ ಶಿಕ್ಷಕಿಗೆ ಯಾವ ಮಗುವಿಗೆ ಯಾವ ದಾರಿ ಎಂಬುದು ತಾನಾಗಿ ಕಾಣುತ್ತದೆ. ಇದು ತಿಳಿಯದೆ ಮಾಡಿದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಶಿಕ್ಷಕರು ವಿಡಿಯೊ ಲಿಂಕ್ ಹಾಕುತ್ತಾರೆ, ನಾಲ್ಕು ಪೋಷಕರು ಹೆಬ್ಬೆರಳು ಒತ್ತುತ್ತಾರೆ, ಉಳಿದವರ ಸುದ್ದಿಯೇ ಇರುವುದಿಲ್ಲ.

ದೇಶದ ಗ್ರಾಮೀಣ ಮಕ್ಕಳ ಬಗ್ಗೆ 2020ರ ಸೆಪ್ಟೆಂಬರ್‌ನಲ್ಲಿ ಮಕ್ಕಳ ಕಲಿಕೆಯನ್ನು ಅಳೆಯುವ ‘ಅಸರ್’ ತಂಡ ಫೋನ್ ಮೂಲಕ ನಡೆಸಿದ ಸಮೀಕ್ಷೆ ಇದನ್ನೇ ಹೇಳಿತು. ಶಾಲೆಗೆ ದಾಖಲಾದ ಮಕ್ಕಳ ಪೈಕಿ ನೂರಕ್ಕೆ ಸುಮಾರು 62 ಮಂದಿಯ ಮನೆಯಲ್ಲಿ ಸ್ಮಾರ್ಟ್‌ಫೋನ್ ಇತ್ತು. 2018ರಲ್ಲಿ ಅದು ಸುಮಾರು 36 ಆಗಿತ್ತು. ಎರಡು ವರ್ಷದಲ್ಲಿ ಇಷ್ಟು ಏರಿದರೂ ಸಮೀಕ್ಷೆಗೆ ಮುಂಚಿನ ವಾರದಲ್ಲಿ ಶಾಲೆಯಿಂದ ಯಾವುದಾದರೂ ಕಲಿಕಾ ಸಾಮಗ್ರಿ ತಲುಪಿದ್ದು ಮೂವರಲ್ಲಿ ಒಬ್ಬರಿಗೆ ಮಾತ್ರ. ಅದೇ ಸಮೀಕ್ಷೆಯಲ್ಲಿ ಇನ್ನೊಂದು ಅಂಕಿ ಇದೆ, ಅದನ್ನು ಹೆಚ್ಚು ಜನ ಗಮನಿಸಲಿಲ್ಲ: ಮಕ್ಕಳಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಮಂದಿಯ ಬಳಿ ಆ ವರ್ಷದ ಪಠ್ಯಪುಸ್ತಕ ಇತ್ತು. ಫೋನ್‌ಗಿಂತ ಹೆಚ್ಚು ಮನೆಗಳನ್ನು ಮುಟ್ಟಿದ ವಸ್ತು ಕಾಗದದ್ದೇ ಆಗಿತ್ತು.

ಹಾಗೆಂದು ಕಾಗದ ಕೊಟ್ಟುಬಿಟ್ಟರೆ ಕೆಲಸ ಮುಗಿಯುವುದಿಲ್ಲ. ನಿಜವಾದ ವಿಷಯ ಇರುವುದು ಇಲ್ಲಿ. ಎರಡನೇ ತರಗತಿಯ ಮಗುವೊಂದು 27ಕ್ಕೆ 15 ಕೂಡಿಸಿ 312 ಎಂದು ಬರೆಯುತ್ತದೆ ಎಂದುಕೊಳ್ಳಿ. ಏಳಕ್ಕೆ ಐದು ಸೇರಿ ಹನ್ನೆರಡು, ಎರಡಕ್ಕೆ ಒಂದು ಸೇರಿ ಮೂರು. ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟಿದೆ. ಮಗುವಿಗೆ ಕೂಡಲು ಬರುತ್ತದೆ, ಬಿಡಿ-ಹತ್ತರ ಸ್ಥಾನ ಮಾತ್ರ ಇನ್ನೂ ತಿಳಿದಿಲ್ಲ. ಅನುಭವಿ ಶಿಕ್ಷಕಿ ಆ ಪುಟ ನೋಡಿದ ಕ್ಷಣವೇ ಇದನ್ನು ಹಿಡಿಯುತ್ತಾರೆ. ಹತ್ತು ಕಡ್ಡಿಗಳನ್ನು ಕಟ್ಟಿ ಒಂದು ಕಂತೆ ಮಾಡಿಸುತ್ತಾರೆ, ಹತ್ತು ನಿಮಿಷದಲ್ಲಿ ಮಗು ಸರಿದಾರಿಗೆ ಬರುತ್ತದೆ. ಅದೇ ಮಗು ಟಿ.ವಿ.ಯಲ್ಲಿ ಸಂಕಲನದ ಪಾಠವನ್ನು ನಾಲ್ಕು ಸಲ ನೋಡಿದರೂ 312 ಎಂದೇ ಬರೆಯುತ್ತಿರಬಹುದು. ಟಿ.ವಿ. ಮಗುವಿಗೆ ಕಾಣುತ್ತದೆ, ಮಗು ಟಿ.ವಿ.ಗೆ ಕಾಣುವುದಿಲ್ಲ.

ಓದುವುದರಲ್ಲಂತೂ ಇದು ಇನ್ನೂ ಸೂಕ್ಷ್ಮ. ಕನ್ನಡ ಓದಲು ಕಲಿಯುವ ಮಗು ಮೂಲಾಕ್ಷರ ದಾಟಿ ಕಾಗುಣಿತಕ್ಕೆ, ಕಾಗುಣಿತ ದಾಟಿ ಒತ್ತಕ್ಷರಕ್ಕೆ ಬರಬೇಕು. ‘ಕಿ’ ಮತ್ತು ‘ಕೀ’ ನಡುವಿನ ದೀರ್ಘ, ‘ಅಕ್ಕ’ ಎಂಬುದರ ಕ-ವತ್ತು, ‘ಶಾಸ್ತ್ರ’ದಲ್ಲಿ ಮೂರು ವ್ಯಂಜನಗಳು ಒಂದರ ಮೇಲೊಂದು ಕೂತಿರುವ ಬಗೆ, ಇವೆಲ್ಲ ಗಟ್ಟಿಯಾಗಿ ಓದಿಸಿ, ಕೇಳಿ, ಅಲ್ಲೇ ತಿದ್ದಿದರೆ ಮಾತ್ರ ಕೂಡುತ್ತವೆ. ಚುರುಕಾದ ಮಕ್ಕಳು ಪಾಠವನ್ನು ಕೇಳಿ ಬಾಯಿಪಾಠ ಮಾಡಿ, ಬೆರಳಿಟ್ಟು ಓದುವಂತೆ ತೋರಿಸುತ್ತಾರೆ. ಬೆರಳು ಎರಡನೇ ಸಾಲಿನಲ್ಲಿದ್ದರೆ ಬಾಯಿ ಮೂರನೇ ಸಾಲಿನಲ್ಲಿರುತ್ತದೆ. ಅದನ್ನು ಹಿಡಿಯಲು ದೊಡ್ಡವರೊಬ್ಬರ ಕಿವಿ ಬೇಕು.

ಆದ್ದರಿಂದ ದೂರದಿಂದ ನಡೆಸುವ ಪ್ರಾಥಮಿಕ ಶಾಲೆಯ ಅಳತೆಗೋಲು ಎಷ್ಟು ಪಾಠ ಕಳಿಸಿದೆ ಎಂಬುದಲ್ಲ, ಮಗು ಮಾಡಿದ ಕೆಲಸ ಎಷ್ಟು ಸಲ ಶಿಕ್ಷಕರ ಕೈಗೆ ಬಂದು ತಿದ್ದಿಸಿಕೊಂಡು ಮರಳಿತು ಎಂಬುದು. ಹೋದ ನೋಟ್‌ಬುಕ್ ತಿರುಗಿ ಬರಬೇಕು. ಬಂದದ್ದರ ಮೇಲೆ ಕೆಂಪು ಶಾಯಿ ಬೀಳಬೇಕು. ಆ ಕೆಂಪು ಶಾಯಿ ನೋಡಿ ಮುಂದಿನ ವಾರದ ಕೆಲಸ ಬದಲಾಗಬೇಕು. ಈ ಸುತ್ತು ವಾರಕ್ಕೊಮ್ಮೆ ಪೂರ್ತಿಯಾದರೂ ಸಾಕು, ಮಗು ಶಾಲೆಯಿಂದ ಕಳಚಿಕೊಳ್ಳುವುದಿಲ್ಲ.

ಇದಕ್ಕೆ ಬೇಕಾದ ವ್ಯವಸ್ಥೆ ದುಬಾರಿಯಲ್ಲ. ಪ್ರತಿ ಮಗುವಿಗೆ ಎರಡು ನೋಟ್‌ಬುಕ್ ಇದ್ದರೆ ಒಂದು ಮನೆಯಲ್ಲಿ, ಒಂದು ಶಿಕ್ಷಕರ ಬಳಿ, ವಾರಕ್ಕೊಮ್ಮೆ ಅದಲುಬದಲು. ಎಲ್ಲಿ ಅದಲುಬದಲು? ಶಾಲೆ ಮುಚ್ಚಿದ್ದ ಕಾಲದಲ್ಲಿ ಬಿಸಿಯೂಟದ ಬದಲಿಗೆ ಅಕ್ಕಿ, ಬೇಳೆಯನ್ನು ಮನೆಗೆ ಕೊಡಲಾಯಿತು. ಪಡಿತರ ತೆಗೆದುಕೊಳ್ಳಲು ತಾಯಂದಿರು ಹೇಗೂ ಶಾಲೆಗೆ ಬರುತ್ತಾರೆ, ಆ ದಿನವೇ ನೋಟ್‌ಬುಕ್ಕನ್ನೂ ತರಿಸಬಹುದು. ಊಟದ ಮಾತು ಬಂದದ್ದರಿಂದ ಹೇಳುತ್ತೇನೆ: ಎಷ್ಟೋ ಮಕ್ಕಳಿಗೆ ಶಾಲೆ ಎಂದರೆ ಮಧ್ಯಾಹ್ನದ ಬಿಸಿ ಅನ್ನ ಸಾರು, ಕ್ಷೀರಭಾಗ್ಯದ ಹಾಲು. ಶಾಲೆ ಮುಚ್ಚಿದ ದಿನ ಅದೂ ನಿಲ್ಲುತ್ತದೆ. ದೂರಶಿಕ್ಷಣದ ಯಾವ ಯೋಜನೆಯಲ್ಲೂ ಊಟದ ಸಾಲು ಪಾಠದ ಸಾಲಿಗಿಂತ ಮೇಲಿರಬೇಕು.

ಕೀಪ್ಯಾಡ್ ಫೋನನ್ನು ನಾವು ತೀರಾ ಕಡೆಗಣಿಸಿದೆವು. ಅದರಲ್ಲಿ ವಿಡಿಯೊ ಬರುವುದಿಲ್ಲ ನಿಜ, ಆದರೆ ಮಾತು ಬರುತ್ತದೆ. ಒಬ್ಬ ಶಿಕ್ಷಕರ ಗುಂಪಿನಲ್ಲಿ 25 ಮಕ್ಕಳಿದ್ದರೆ ದಿನಕ್ಕೆ ಐವರಿಗೆ, ತಲಾ ಐದು ನಿಮಿಷ ಕರೆ ಮಾಡಿದರೂ ಸೋಮವಾರದಿಂದ ಶುಕ್ರವಾರದೊಳಗೆ ಇಡೀ ಗುಂಪಿನ ಓದನ್ನು ಕೇಳಿ ಮುಗಿಸಬಹುದು. ದಿನಕ್ಕೆ 25 ನಿಮಿಷದ ಕೆಲಸ. ‘ಪುಟ ಹದಿನಾಲ್ಕು ತೆಗಿ ಪುಟ್ಟಾ, ಮೊದಲಿನ ನಾಲ್ಕು ಸಾಲು ಓದು’ ಎಂದರೆ ಆ ಕಡೆಯಿಂದ ತಡವರಿಸುವ ದನಿ ಕೇಳುತ್ತದೆ. ಎಲ್ಲಿ ತಡೆಯಿತು, ಯಾವ ಒತ್ತಕ್ಷರ ಬಿಟ್ಟಿತು ಎಂಬುದು ಶಿಕ್ಷಕರಿಗೆ ಗೊತ್ತಾಗುತ್ತದೆ. ಇದರ ಇನ್ನೊಂದು ಫಲವೂ ಸಣ್ಣದಲ್ಲ: ಟೀಚರ್ ತನಗಾಗಿಯೇ ಫೋನ್ ಮಾಡಿದರು ಎಂಬ ಹೆಮ್ಮೆಯಲ್ಲಿ ಮಗು ಮುಂದಿನ ವಾರದ ಪುಟವನ್ನು ತಾನಾಗಿ ಓದಿಟ್ಟುಕೊಳ್ಳುತ್ತದೆ.

ಸ್ಮಾರ್ಟ್‌ಫೋನ್ ಇರುವ ಮನೆಯಲ್ಲೂ ನೇರ ಪ್ರಸಾರದ ತರಗತಿಗಿಂತ ಧ್ವನಿ ಸಂದೇಶ ಚಿಕ್ಕ ಮಕ್ಕಳಿಗೆ ಹೆಚ್ಚು ಒಗ್ಗುತ್ತದೆ. ಅಪ್ಪ ಮನೆಗೆ ಬಂದ ಮೇಲೆ ಕೇಳಬಹುದು, ಅರ್ಥವಾಗದಿದ್ದರೆ ಮತ್ತೆ ಕೇಳಬಹುದು, ಡೇಟಾ ಹೆಚ್ಚು ತಿನ್ನುವುದಿಲ್ಲ. ಸಿಗ್ನಲ್ಲಿನ ಕಷ್ಟವನ್ನಂತೂ ಮಲೆನಾಡಿನವರಿಗೆ ವಿವರಿಸಬೇಕಿಲ್ಲ. ಕೊಡಗಿನ ಸರ್ಕಾರಿ ಶಾಲೆಯ ಶಿಕ್ಷಕರೊಬ್ಬರು ನೆಟ್‌ವರ್ಕ್ ಸಿಗಲೆಂದು ಮರದ ಮೇಲೆ ಅಟ್ಟಣಿಗೆ ಕಟ್ಟಿ ಅಲ್ಲಿಂದ ಪಾಠ ಮಾಡಿದರು. ಸುಳ್ಯ ತಾಲ್ಲೂಕಿನಲ್ಲಿ ರಸ್ತೆಬದಿಯಲ್ಲಿ ಕೂತು ತರಗತಿ ಕೇಳುವ ಮಗಳಿಗೆ ಸುರಿಯುವ ಮಳೆಯಲ್ಲಿ ಕೊಡೆ ಹಿಡಿದು ನಿಂತ ತಂದೆಯ ಚಿತ್ರವನ್ನು 2021ರಲ್ಲಿ ದೇಶವೇ ನೋಡಿತು. ಅವರ ಶ್ರದ್ಧೆಗೆ ಕೈಮುಗಿಯುತ್ತೇನೆ. ಆದರೆ ಅಂಥ ಶ್ರದ್ಧೆಯನ್ನು ಮೆಚ್ಚಿ ಸುಮ್ಮನಾಗುವುದು ಸರಿಯಲ್ಲ. ಮರ ಹತ್ತದೆ, ಮಳೆಯಲ್ಲಿ ನೆನೆಯದೆ ನಡೆಯುವ ದಾರಿಯನ್ನು ಹುಡುಕುವುದು ಶಾಲೆಯ ಮತ್ತು ಇಲಾಖೆಯ ಹೊಣೆ.

ಶಾಲೆ ಯಾಕೆ ಮುಚ್ಚಿದೆ ಎಂಬುದರ ಮೇಲೆ ದಾರಿ ನಿರ್ಧಾರವಾಗುತ್ತದೆ. ಇದನ್ನು ನಾವು ಯೋಚಿಸುವುದೇ ಕಡಿಮೆ. ಭಾರೀ ಮಳೆಯಿಂದ ಮುಚ್ಚಿದ್ದರೆ ಕರೆಂಟೂ ಇರುವುದಿಲ್ಲ, ಟವರೂ ಕೆಲಸ ಮಾಡುವುದಿಲ್ಲ, ಫೋನಿನ ಚಾರ್ಜೂ ಮುಗಿದಿರುತ್ತದೆ. ಆಗ ಆನ್‌ಲೈನ್ ತರಗತಿ ಎನ್ನುವುದು ಬರಿ ಮಾತು. ಹಳ್ಳ, ಕಾಲುಸಂಕ ದಾಟಿ ಯಾರ ಜಗಲಿಗೂ ಮಕ್ಕಳನ್ನು ಕರೆಸುವಂತಿಲ್ಲ. ಮೊದಲೇ ಚೀಲದಲ್ಲಿಟ್ಟು ಕಳಿಸಿದ ಅಭ್ಯಾಸ ಹಾಳೆಗಳು, ಕಥೆ ಪುಸ್ತಕ, ಇಷ್ಟೇ ಆ ವಾರದ ಶಾಲೆ. ಸಾಂಕ್ರಾಮಿಕ ರೋಗದಿಂದ ಮುಚ್ಚಿದ್ದರೆ ಕರೆಂಟು, ಫೋನು ಎಲ್ಲ ಇರುತ್ತದೆ, ಗುಂಪು ಸೇರುವುದೇ ಅಪಾಯ. ಆಗ ಕರೆ, ಧ್ವನಿ ಸಂದೇಶ, ನೋಟ್‌ಬುಕ್ ಅದಲುಬದಲು ನಡೆಯಬೇಕು. ಗೋಡೆ ಬಿದ್ದು ಅಥವಾ ಸಂತ್ರಸ್ತರಿಗೆ ಆಶ್ರಯ ಕೊಟ್ಟು ಕೊಠಡಿ ಇಲ್ಲವಾಗಿದ್ದರೆ ಒಟ್ಟಿಗೆ ಕೂರಲು ಅಡ್ಡಿಯೇನೂ ಇಲ್ಲ, ಸಮುದಾಯ ಭವನದಲ್ಲಿ ಪಾಠ ಮರುದಿನವೇ ಆರಂಭವಾಗಬಹುದು. ಒಂದೇ ಸುತ್ತೋಲೆಯಲ್ಲಿ ಮೂರಕ್ಕೂ ಒಂದೇ ಮದ್ದು ಬರೆದರೆ ಹೇಗೆ ಕೆಲಸ ಮಾಡೀತು?

ಅಕ್ಷರ ಬಾರದ ತಾಯಿ ತಂದೆಯರ ಮಾತಿಗೆ ಬರುತ್ತೇನೆ. ‘ಮನೆಯಲ್ಲಿ ಹೇಳಿಕೊಡುವವರು ಯಾರೂ ಇಲ್ಲ’ ಎಂದು ಎಷ್ಟೋ ಶಾಲೆಗಳು ಕೈಚೆಲ್ಲಿದ್ದು ಇಲ್ಲಿಯೇ. ಅವರಿಂದ ಪಾಠ ಹೇಳಿಸಬೇಕು ಎಂದು ಹೊರಟದ್ದೇ ತಪ್ಪು. ಓದಲು ಬಾರದ ಅಜ್ಜಿ ಕಥೆ ಹೇಳಬಲ್ಲಳು, ಒಗಟು ಕೇಳಬಲ್ಲಳು, ಗಾದೆ ಹೇಳಬಲ್ಲಳು. ಸಂತೆಗೆ ಹೋಗುವ ಅಮ್ಮನಿಗೆ ನೂರು ರೂಪಾಯಿ ಕೊಟ್ಟರೆ ಚಿಲ್ಲರೆ ಎಷ್ಟು ಎಂಬ ಲೆಕ್ಕ ಬಾಯಲ್ಲೇ ಇರುತ್ತದೆ. ಅವರ ಬಳಿ ಇರುವುದನ್ನೇ ಶಾಲೆ ಕೇಳಬೇಕು: ಅಜ್ಜಿಯಿಂದ ಒಂದು ಕಥೆ ಕೇಳಿ ಐದು ವಾಕ್ಯ ಬರೆದು ತಾ, ಅಮ್ಮ ತಂದ ತರಕಾರಿಯ ಬೆಲೆ ಬರೆದು ಕೂಡಿಸು, ಮನೆಯಿಂದ ಬಾವಿಗೆ ಎಷ್ಟು ಹೆಜ್ಜೆ ಎಣಿಸು. ಇನ್ನು ಅಕ್ಷರ ತಿದ್ದಿಸುವುದಕ್ಕೆ ಕೇರಿಯಲ್ಲಿ ಪಿಯುಸಿ ಓದುವ ಅಕ್ಕನೋ, ಡಿ.ಎಡ್. ಮುಗಿಸಿ ಕೆಲಸಕ್ಕೆ ಕಾಯುತ್ತಿರುವ ಅಣ್ಣನೋ ಸಿಗುತ್ತಾರೆ. ಅಂಥವರನ್ನು ಗುರುತಿಸುವುದು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಮಾಡಬಹುದಾದ ಬಹಳ ಒಳ್ಳೆಯ ಕೆಲಸ. ಬಣ್ಣ ಬಳಿಸುವುದು, ಕಾಂಪೌಂಡ್ ಕಟ್ಟಿಸುವುದಕ್ಕಿಂತ ನನಗೆ ಇದು ಮೇಲಾಗಿ ಕಾಣುತ್ತದೆ.

ಬೇರೆ ರಾಜ್ಯಗಳಲ್ಲಿಯೂ ಜನ ತಲೆ ಓಡಿಸಿದರು. ಕೇರಳ 2020ರ ಜೂನ್ 1ರಂದೇ ವಿಕ್ಟರ್ಸ್ ವಾಹಿನಿಯಲ್ಲಿ ‘ಫಸ್ಟ್ ಬೆಲ್’ ತರಗತಿಗಳನ್ನು ಆರಂಭಿಸಿತು, ಟಿ.ವಿ. ಇಲ್ಲದ ಮಕ್ಕಳಿಗೆ ಗ್ರಂಥಾಲಯಗಳಲ್ಲಿ ಕೂತು ನೋಡುವ ವ್ಯವಸ್ಥೆ ಮಾಡಿತು. ಜಾರ್ಖಂಡ್‌ನ ದುಮ್ಕಾ ಜಿಲ್ಲೆಯ ಹಳ್ಳಿಯೊಂದರಲ್ಲಿ ಮಣ್ಣಿನ ಮನೆಗಳ ಹೊರಗೋಡೆಗಳ ಮೇಲೆ ದೂರದೂರಕ್ಕೆ ಕಪ್ಪುಹಲಗೆ ಬಳಿದು, ಪ್ರತಿ ಮಗುವೂ ತನ್ನ ಹಲಗೆಯ ಮುಂದೆ ಕೂರುವಂತೆ ಮಾಡಿದರು. ನಮ್ಮಲ್ಲಿ 2020ರ ಜುಲೈನಿಂದ ದೂರದರ್ಶನದ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಬಂದವು. ಆದರೆ ಮೊದಲಿಗೆ ಅವು 8, 9, 10ನೇ ತರಗತಿಗೆ. ಪರೀಕ್ಷೆ ಬರೆಯುವ ಮಕ್ಕಳ ಚಿಂತೆ ಮೊದಲು, ಅಕ್ಷರ ಕಲಿಯುವ ಮಕ್ಕಳ ಚಿಂತೆ ಆಮೇಲೆ ಎಂಬ ಈ ಕ್ರಮ ನನಗೆ ಆಗಲೂ ಒಪ್ಪಿಗೆಯಾಗಿರಲಿಲ್ಲ. ಹತ್ತನೇ ತರಗತಿಯವನು ಪುಸ್ತಕ ಹಿಡಿದು ಒಬ್ಬನೇ ಓದಬಲ್ಲ. ಒಂದನೇ ತರಗತಿಯವಳಿಗೆ ಆ ಪುಸ್ತಕ ಇನ್ನೂ ಬರೀ ಚಿತ್ರ.

ಊರಿನ ಗ್ರಂಥಾಲಯವನ್ನೂ ಇಲ್ಲಿ ನೆನೆಯಬೇಕು. 2020ರ ನವೆಂಬರ್ 14ರಂದು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆ ‘ಓದುವ ಬೆಳಕು’ ಕಾರ್ಯಕ್ರಮ ಆರಂಭಿಸಿ, ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಶಾಲಾ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಿತು. ದೊಡ್ಡವರು ಪತ್ರಿಕೆ ಓದಲು ಬರುತ್ತಿದ್ದ ಕೋಣೆಗಳಿಗೆ ಮಕ್ಕಳ ಚಪ್ಪಲಿಗಳು ಬಂದವು. ಶಾಲೆ ಮುಚ್ಚಿದ್ದಾಗ ಮನೆಗೆ ಪುಸ್ತಕ ಒಯ್ಯುವ ಜಾಗವೊಂದು ಊರಲ್ಲೇ ಇದ್ದರೆ ಶಾಲೆಯ ಅರ್ಧ ಭಾರ ಇಳಿಯುತ್ತದೆ.

ವಿದ್ಯಾಗಮಕ್ಕೆ ಏನಾಯಿತು? 2020ರ ಅಕ್ಟೋಬರ್ ಎರಡನೇ ವಾರದಲ್ಲಿ ಅದನ್ನು ನಿಲ್ಲಿಸಲಾಯಿತು. ಶಿಕ್ಷಕರು ಸೋಂಕಿಗೆ ಬಲಿಯಾದ ಸುದ್ದಿಗಳು ಒಂದರ ಹಿಂದೊಂದು ಬಂದಿದ್ದವು, ಮಕ್ಕಳಿಗೂ ಸೋಂಕು ತಗುಲಿತ್ತು. ಲಸಿಕೆ ಇನ್ನೂ ಇರಲಿಲ್ಲ. ಊರೂರು ತಿರುಗಿ ಪಾಠ ಹೇಳಿದ ಶಿಕ್ಷಕರು ತಮ್ಮ ಪ್ರಾಣವನ್ನು ಪಣಕ್ಕಿಟ್ಟಿದ್ದರು ಎಂಬುದನ್ನು ಮರೆತು ಈ ಕಥೆ ಹೇಳಬಾರದು. ಅವರ ಕುಟುಂಬಗಳ ನಷ್ಟಕ್ಕೆ ಯಾವ ಕಲಿಕೆಯೂ ಸಮನಲ್ಲ. ಜನ ಗುಂಪಾಗುವುದನ್ನು ನಿಲ್ಲಿಸಿದ ತೀರ್ಮಾನವನ್ನು ನಾನು ಪ್ರಶ್ನಿಸುವುದಿಲ್ಲ. ನನ್ನ ತಕರಾರು ಅದರ ನಂತರದ್ದು. ವಠಾರ ಶಾಲೆ ನಿಂತಾಗ ಅದರ ಜೊತೆಗೇ ಪಟ್ಟಿ, ಕರೆ, ನೋಟ್‌ಬುಕ್ಕಿನ ಓಡಾಟ ಎಲ್ಲವೂ ಹೆಚ್ಚಿನ ಕಡೆ ನಿಂತುಹೋದವು. ಅವುಗಳಿಗೆ ಗುಂಪು ಸೇರಬೇಕಾಗಿರಲಿಲ್ಲ. 2021ರ ಜನವರಿ 1ರಂದು ವಿದ್ಯಾಗಮ ಶಾಲೆಯ ಆವರಣದಲ್ಲಿ ಮತ್ತೆ ಆರಂಭವಾದಾಗ ಸರದಿ ಸಿಕ್ಕಿದ್ದು 6ರಿಂದ 9ನೇ ತರಗತಿಗೆ. ಚಿಕ್ಕವರು ಮತ್ತೆ ಸಾಲಿನ ಕೊನೆಯಲ್ಲಿ ನಿಂತರು. ಬೇಸಿಗೆಯಲ್ಲಿ ಎರಡನೇ ಅಲೆ ಬಂತು.

ಇದರ ಬೆಲೆ ಎಷ್ಟೆಂದು ಅಳೆದವರಿದ್ದಾರೆ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ 2021ರ ಜನವರಿಯಲ್ಲಿ ಕರ್ನಾಟಕವೂ ಸೇರಿ ಐದು ರಾಜ್ಯಗಳ 16,067 ಸರ್ಕಾರಿ ಶಾಲಾ ಮಕ್ಕಳನ್ನು ಪರಿಶೀಲಿಸಿತು. ನೂರಕ್ಕೆ 92 ಮಕ್ಕಳು ಹಿಂದಿನ ವರ್ಷ ತಮಗೆ ಬರುತ್ತಿದ್ದ ಭಾಷಾ ಕೌಶಲಗಳಲ್ಲಿ ಕನಿಷ್ಠ ಒಂದನ್ನು, 82 ಮಕ್ಕಳು ಗಣಿತದ ಕೌಶಲಗಳಲ್ಲಿ ಕನಿಷ್ಠ ಒಂದನ್ನು ಕಳೆದುಕೊಂಡಿದ್ದರು. ಹೊಸದನ್ನು ಕಲಿಯದೇ ಹೋದದ್ದು ಬೇರೆ, ಬರುತ್ತಿದ್ದದ್ದೂ ಮರೆತದ್ದು ಬೇರೆ. ಗ್ರಾಮೀಣ ಕರ್ನಾಟಕದಲ್ಲಿ 2021ರ ಆರಂಭದಲ್ಲಿ ‘ಅಸರ್’ ಮನೆಮನೆಗೆ ಹೋಗಿ ನೋಡಿದಾಗ, ಎರಡನೇ ತರಗತಿಯ ಪಾಠ ಓದಬಲ್ಲ ಮೂರನೇ ತರಗತಿಯ ಮಕ್ಕಳ ಪ್ರಮಾಣ 2018ರಲ್ಲಿ ನೂರಕ್ಕೆ ಸುಮಾರು 19 ಇದ್ದದ್ದು ಹತ್ತರ ಆಸುಪಾಸಿಗೆ ಇಳಿದಿತ್ತು. 2018ರ ಅಂಕಿಯೇ ತಲೆ ತಗ್ಗಿಸುವಂಥದ್ದು. ಅದರಲ್ಲೂ ಅರ್ಧ ಹೋಯಿತು.

ಇನ್ನೊಂದು ಸಾಂಕ್ರಾಮಿಕ ಯಾವಾಗ ಬರುತ್ತದೋ, ಮಳೆಯಂತೂ ಪ್ರತಿವರ್ಷ ಬರುತ್ತದೆ. ಪ್ರತಿ ಜೂನ್‌ನಲ್ಲಿ ದಾಖಲಾತಿ ಮುಗಿದ ಕೂಡಲೇ ಮುಖ್ಯಶಿಕ್ಷಕರು ಮನೆ, ಫೋನುಗಳ ಆ ಪಟ್ಟಿಯನ್ನು ಹೊಸದಾಗಿ ಮಾಡಿಡುವುದು ಒಂದು ವಾರದ ಕೆಲಸ. ಯಾವ ಓಣಿಗೆ, ಯಾವ ತಾಂಡಾಕ್ಕೆ, ಯಾವ ಹಾಡಿಗೆ ಯಾವ ಶಿಕ್ಷಕರು ಎಂದು ಆಗಲೇ ಹಂಚಿಕೊಳ್ಳಬಹುದು. ಮಳೆ ಬಲಿಯುವ ಮೊದಲೇ ಪ್ರತಿ ಮಗುವಿನ ಮನೆಯಲ್ಲಿ ಹತ್ತು ದಿನದ ಅಭ್ಯಾಸ ಹಾಳೆ, ಎರಡು ಕಥೆ ಪುಸ್ತಕ, ಒಂದು ನೋಟ್‌ಬುಕ್ ಇರುವಂತೆ ನೋಡಿಕೊಳ್ಳಬಹುದು. ಒಂದನೇ ತರಗತಿಯ ಹಾಳೆಯಲ್ಲಿ ಸೂಚನೆಗಳನ್ನು ಚಿತ್ರದಲ್ಲೇ ಕೊಡಬೇಕು, ಓದಲು ಬಾರದ ಮಗುವಿಗೆ ‘ಕೆಳಗಿನವುಗಳನ್ನು ಹೊಂದಿಸಿ ಬರೆಯಿರಿ’ ಎಂದು ಬರೆದು ಫಲವಿಲ್ಲ. ಶಿಕ್ಷಕರ ಕರೆಯ ಖರ್ಚನ್ನು ಅವರ ಸಂಬಳದಿಂದ ಕೀಳಬಾರದು, ಶಾಲಾ ಅನುದಾನದಲ್ಲಿ ಅದಕ್ಕೊಂದು ಬಾಬ್ತು ಇಡಬೇಕು. ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳು (ಸಿಆರ್‌ಪಿ) ಭೇಟಿ ಕೊಟ್ಟಾಗ ಎಷ್ಟು ವಿಡಿಯೊ ಕಳಿಸಿದಿರಿ ಎಂದು ಕೇಳದೆ, ತಿದ್ದಿದ ನೋಟ್‌ಬುಕ್ ತೋರಿಸಿ ಎಂದು ಕೇಳಬೇಕು. ಮೇಲಿನವರು ಕೇಳುವ ಪ್ರಶ್ನೆ ಬದಲಾದರೆ ಕೆಳಗಿನ ಕೆಲಸವೂ ಬದಲಾಗುತ್ತದೆ.

ಬಾಗಿಲು ಮತ್ತೆ ತೆರೆದ ದಿನದಿಂದ ಇನ್ನೊಂದು ಕೆಲಸ ಶುರು. ಬಿಟ್ಟುಹೋದ ಪಾಠಗಳನ್ನು ಓಡಿಸಿ ಮುಗಿಸುವ ಆತುರ ಎಲ್ಲರಿಗೂ ಇರುತ್ತದೆ. ಸರ್ಕಾರ 2022-23ನ್ನು ‘ಕಲಿಕಾ ಚೇತರಿಕೆ’ಯ ವರ್ಷವೆಂದು ಸಾರಿ, ಮೇ 16ರಂದೇ ಶಾಲೆ ತೆರೆದು, ಹಿಂದಿನ ತರಗತಿಗಳ ಕಲಿಕೆಯಿಂದಲೇ ಪಾಠ ಆರಂಭಿಸಲು ಹೇಳಿತು. ಅದು ವಿವೇಕದ ಹೆಜ್ಜೆ. ಅದಕ್ಕೆ ಬೇಕಾದ ಉಪಕರಣ ನಮ್ಮ ಚಿಕ್ಕ ತರಗತಿಗಳಲ್ಲಿ ಮೊದಲೇ ಇತ್ತು. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಮೊಳೆತು ಆಮೇಲೆ ರಾಜ್ಯವನ್ನೆಲ್ಲ ಹಬ್ಬಿದ ನಲಿ-ಕಲಿ ಪದ್ಧತಿಯಲ್ಲಿ ಪಾಠಗಳು ಕಲಿಕಾ ಏಣಿಯ ಮೆಟ್ಟಿಲುಗಳಾಗಿವೆ. ರಜೆ ಹಾಕಿದ ಮಗು ಮರಳಿ ಬಂದಾಗ ತರಗತಿ ಎಲ್ಲಿದೆ ಎಂದು ನೋಡಬೇಕಿಲ್ಲ, ತಾನು ಬಿಟ್ಟ ಮೆಟ್ಟಿಲಿನ ಕಾರ್ಡನ್ನೇ ಎತ್ತಿಕೊಳ್ಳುತ್ತದೆ. 19 ತಿಂಗಳ ನಂತರ ಬಂದ ಮಗುವಿಗೂ, ಮಳೆಗೆ ಎಂಟು ದಿನ ತಪ್ಪಿಸಿಕೊಂಡ ಮಗುವಿಗೂ ಅದೇ ಕ್ರಮ. ಮೊದಲ ವಾರ ಪಾಠ ಮಾಡದೆ, ಒಂದೊಂದೇ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾಲ್ಕು ಸಾಲು ಓದಿಸಿ, ಎರಡು ಲೆಕ್ಕ ಮಾಡಿಸಿ, ಅದು ಯಾವ ಮೆಟ್ಟಿಲಿನಲ್ಲಿದೆ ಎಂದು ಶಿಕ್ಷಕರು ಬರೆದುಕೊಳ್ಳಲಿ. ಮೂರನೇ ತರಗತಿಯ ಮಗು ಕಾಗುಣಿತದಲ್ಲೇ ನಿಂತಿದ್ದರೆ ಅದಕ್ಕೆ ಬೈಗುಳ ಬೇಡ, ಕಾಗುಣಿತದ ಕಾರ್ಡು ಕೊಡಿ.